ಕಾಗದ ಬಿಟ್ಟವರ ಕೈಯಲ್ಲಿ ಏನಿರಬೇಕು?

ಕಳೆದ ಭಾನುವಾರ ಬೆಳಿಗ್ಗೆ ಅಮೆರಿಕದ ಆರೆಗಾನ್ ರಾಜ್ಯದಿಂದ ಅಳಿಯಂದಿರ ಕರೆ ಬಂದಿತು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವರು ಸಹಜವಾಗಿ ಒಂದು ಮಾತು ಹೇಳಿದರು: “ಮಾವ, ಆ ಹಳೆಯ ಜಿಪಿಎಸ್ ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೇವೆ. ಹೊಸ ಫೋನ್ ತಗೊಂಡೆನಲ್ಲ, ಇನ್ನು ಎಲ್ಲ ಪೇಪರ್‌ಲೆಸ್. ಈ ಬೇಸಿಗೆಯಲ್ಲಿ ಪುಟ್ಟಿಯನ್ನು ಮತ್ತೆ ಆ ಕಾಡಿನ ಕಡೆ ಕರೆದುಕೊಂಡು ಹೋಗಬೇಕು.”

ನಾನು ಆಗ ಏನೂ ಹೇಳಲಿಲ್ಲ. ಸಾವಿರಾರು ಮೈಲಿ ದೂರದಲ್ಲಿರುವ ಅಳಿಯಂದಿರೊಡನೆ ದೂರವಾಣಿಯಲ್ಲಿ ವಾದಕ್ಕಿಳಿಯುವುದು ಸಭ್ಯತೆಯಲ್ಲ. ಆದರೆ ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 33 ವರ್ಷ ಅಕ್ಷಾಂಶ ರೇಖಾಂಶಗಳನ್ನು ಬೋಧಿಸಿದವನು ಈ ವಿಷಯದಲ್ಲಿ ಸುಮ್ಮನಿರುವುದೂ ಸಾಧ್ಯವಿಲ್ಲ. “ಆ ಕಾಡು” ಎಂದರೆ ಯಾವ ಕಾಡು, ಅಲ್ಲಿ ನಡೆದದ್ದೇನು ಎಂಬುದನ್ನು ಅವರು ಮರೆತಿರಬಹುದು, ನಾನು ಮರೆತಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂದಲ್ಲ ನಾಳೆ ಅವರೂ ಓದುತ್ತಾರೆ.

ಮೊದಲು, ಈ ಆಟದ ಪರಿಚಯವಿಲ್ಲದ ಓದುಗ ಮಿತ್ರರಿಗಾಗಿ ನಾಲ್ಕು ಮಾತು. ಇದರ ಹೆಸರು ಜಿಯೋಕ್ಯಾಷಿಂಗ್. ‘ಕ್ಯಾಷ್’ ಎಂದೊಡನೆ ನನ್ನ ಮನೆಯವರು “ಕಾಡಿನಲ್ಲಿ ದುಡ್ಡು ಬಚ್ಚಿಡುತ್ತಾರೆಯೇ?” ಎಂದು ಬೆರಗಾಗಿದ್ದರು. ದುಡ್ಡಲ್ಲ, ಇಲ್ಲಿ ಕ್ಯಾಷ್ ಎಂದರೆ ಬಚ್ಚಿಟ್ಟ ಡಬ್ಬಿ. ಒಬ್ಬರು ಎಲ್ಲೋ ಒಂದು ಕಡೆ ಡಬ್ಬಿಯೊಂದನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಆ ಅಂಕಿಗಳ ಜಾಡು ಹಿಡಿದು ಹೋಗಿ, ಡಬ್ಬಿಯನ್ನು ಪತ್ತೆ ಮಾಡಿ, ಅದರೊಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅದೇ ಜಾಗದಲ್ಲಿ ಅಡಗಿಸಿಟ್ಟು ಬರಬೇಕು. ಇಷ್ಟೇ ಆಟ. ಇಂದು ಜಗತ್ತಿನಾದ್ಯಂತ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ, ಬೆಂಗಳೂರಿನಲ್ಲೂ ಇವೆ.

ಈ ಆಟ ಹುಟ್ಟಿದ್ದು ನನ್ನ ಮಗಳು ಸಂಸಾರ ಹೂಡಿರುವ ಆರೆಗಾನ್ ರಾಜ್ಯದಲ್ಲಿಯೇ. ಅಮೆರಿಕದ ಸರ್ಕಾರವು ಜಿಪಿಎಸ್ ಸಂಕೇತದಲ್ಲಿ ನಾಗರಿಕರ ಪಾಲಿಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ನೆಯ ಇಸವಿಯ ಮೇ ತಿಂಗಳ ಮೊದಲ ದಿನ ರಾತ್ರಿ ನಿಲ್ಲಿಸಿತು. ಅಲ್ಲಿಯವರೆಗೆ 100 ಮೀಟರುಗಳಷ್ಟು ತಪ್ಪು ತೋರಿಸಬಹುದಾಗಿದ್ದ ಯಂತ್ರಗಳು ರಾತ್ರಿ ಕಳೆಯುವಷ್ಟರಲ್ಲಿ ಹತ್ತಿಪ್ಪತ್ತು ಮೀಟರುಗಳೊಳಗೆ ಜಾಗ ಹೇಳತೊಡಗಿದವು. ಮೇ 3ರಂದು ಡೇವ್ ಅಲ್ಮರ್ ಎಂಬವರು ಬೀವರ್‌ಕ್ರೀಕ್ ಎಂಬ ಊರಿನ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು ಅದರ ಸ್ಥಾನವನ್ನು ಎಲ್ಲರಿಗೂ ತಿಳಿಸಿದರು. ಅದರಲ್ಲಿ ಪುಸ್ತಕ, ತಂತ್ರಾಂಶ, ಕವಣೆ, ಒಂದು ಬೀನ್ಸ್ ಡಬ್ಬಿ ಇದ್ದವು. ಜೊತೆಗೆ, ಬಂದವರು ಹೆಸರು ಬರೆಯಲೆಂದು ಒಂದು ಪುಸ್ತಕ ಮತ್ತು ಒಂದು ಪೆನ್ಸಿಲ್ ಇದ್ದವು. ಈ ಕೊನೆಯ ಎರಡು ವಸ್ತುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಆಟವೇ ಕಾಗದದಿಂದ ಹುಟ್ಟಿದೆ. ಇಂದಿಗೂ ಡಬ್ಬಿಯೊಳಗಿನ ಕಾಗದದ ಮೇಲೆ ಹೆಸರು ಬೀಳುವಲ್ಲಿಗೇ ಅದು ಮುಗಿಯುತ್ತದೆ.

ನಾನು ಈ ಆಟವನ್ನು ಮೊದಲು ಕಂಡದ್ದು 2009ರಲ್ಲಿ, ಮಗಳ ಮನೆಗೆ ಮೊದಲ ಸಲ ಹೋದಾಗ. ಅಳಿಯಂದಿರು ಬೀವರ್‌ಕ್ರೀಕ್ ಬಳಿಯ ಆ ಮೂಲಸ್ಥಳಕ್ಕೂ ನನ್ನನ್ನು ಕರೆದೊಯ್ದಿದ್ದರು; ಅಲ್ಲೊಂದು ಸ್ಮಾರಕ ಫಲಕವಿದೆ. ಅವರ ಬಳಿ ಆಗ ಗಾರ್ಮಿನ್ ಕಂಪನಿಯ ಹಳದಿ ಬಣ್ಣದ ಇಟ್ರೆಕ್ಸ್ ಇತ್ತು. ಅದಕ್ಕೆ ಡಬ್ಬಿಯ ಸ್ಥಾನ ಮಾತ್ರ ಗೊತ್ತಿರುತ್ತಿತ್ತು. ಡಬ್ಬಿ ಎಷ್ಟು ದೊಡ್ಡದು, ಎಂಥ ಜಾಗದಲ್ಲಿದೆ, ಹಿಂದೆ ಹೋದವರು ಏನು ಹೇಳಿದ್ದಾರೆ ಎಂಬ ಯಾವುದೂ ತಿಳಿಯದು. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಪ್ರತಿ ಡಬ್ಬಿಗೂ ಎರಡು ಮೂರು ಹಾಳೆಗಳಂತೆ ಮುದ್ರಿಸಿಕೊಳ್ಳಬೇಕಾಗಿತ್ತು. ಸುಳಿವನ್ನು ಮಾತ್ರ ಗುಪ್ತಲಿಪಿಯಲ್ಲಿ ಕೊಟ್ಟಿರುತ್ತಿದ್ದರು. ಇಂಗ್ಲಿಷಿನ ಪ್ರತಿ ಅಕ್ಷರವನ್ನು 13 ಸ್ಥಾನ ಮುಂದಕ್ಕೆ ಸರಿಸಿದರೆ ಅರ್ಥ ಹೊರಡುತ್ತದೆ. ಕಾರಿನ ಹಿಂದಿನ ಆಸನದಲ್ಲಿ ಕುಳಿತು ಪೆನ್ಸಿಲಿನಿಂದ ಆ ಸುಳಿವುಗಳನ್ನು ಬಿಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಅದರಲ್ಲೊಂದು ಸೊಗಸಿತ್ತು, ಒಪ್ಪುತ್ತೇನೆ. ಆದರೆ ಮಳೆ ಬಂದರೆ ಹಾಳೆಗಳೆಲ್ಲ ಮುದ್ದೆ. ಮೂವತ್ತು ಡಬ್ಬಿಗಳ ಯೋಜನೆಯೆಂದರೆ ಎಂಬತ್ತು ಹಾಳೆಗಳ ವ್ಯರ್ಥ. ಕಾಗದ ಬಿಡಬೇಕೆಂಬ ಚಳವಳಿ ಹುಟ್ಟಿದ್ದು ಈ ಕಷ್ಟದಿಂದ. ಅದು ನ್ಯಾಯವಾದ ಚಳವಳಿಯೇ ಆಗಿತ್ತು.

ಆ ಕಾಲದವರು ಕಾಗದ ಬಿಟ್ಟ ಬಗೆಯನ್ನು ಗಮನಿಸಿ. ಪಾಮ್ ಎಂಬ ಅಂಗೈಯಗಲದ ಗಣಕಯಂತ್ರವಿತ್ತು. ನೂರಾರು ಡಬ್ಬಿಗಳ ವಿವರವಿರುವ ಜಿಪಿಎಕ್ಸ್ ಕಡತವನ್ನು ಮನೆಯಲ್ಲಿಯೇ ಇಳಿಸಿಕೊಂಡು, ಕ್ಯಾಷ್‌ಮೇಟ್ ಎಂಬ ತಂತ್ರಾಂಶದ ಮೂಲಕ ಪಾಮ್‌ಗೆ ತುಂಬುತ್ತಿದ್ದರು. ಒಂದು ಕೈಯಲ್ಲಿ ದಾರಿ ತೋರುವ ಇಟ್ರೆಕ್ಸ್, ಇನ್ನೊಂದು ಕೈಯಲ್ಲಿ ವಿವರ ಹೇಳುವ ಪಾಮ್. 2008ರಲ್ಲಿ ಗಾರ್ಮಿನ್ ಕಂಪನಿಯ ಕೊಲೊರಾಡೊ, ಆರೆಗಾನ್ ಮಾದರಿಗಳು ಬಂದ ಮೇಲೆ ಎರಡು ಕೈಯ ಕೆಲಸ ಒಂದು ಕೈಗೆ ಇಳಿಯಿತು. ಸ್ಥಾನ, ವಿವರ, ಸುಳಿವು, ಹಿಂದಿನವರ ಅನುಭವ ಎಲ್ಲವೂ ಒಂದೇ ಯಂತ್ರದ ಹೊಟ್ಟೆಯಲ್ಲಿ. ಅಂದರೆ, ಕಾಗದ ಹೋಯಿತೇ ಹೊರತು ಕಾಗದದ ಮೇಲಿದ್ದ ವಿಷಯ ನಮ್ಮ ಕೈ ಬಿಟ್ಟು ಹೋಗಲಿಲ್ಲ. ಬುತ್ತಿಯನ್ನು ಬಾಳೆಲೆಯಿಂದ ಸ್ಟೀಲಿನ ಡಬ್ಬಿಗೆ ಬದಲಿಸಿದರು, ಅಷ್ಟೆ. ಬುತ್ತಿ ಹೆಗಲ ಚೀಲದಲ್ಲಿಯೇ ಇತ್ತು.

ಈಗ ಅಳಿಯಂದಿರೂ ಅವರ ಸ್ನೇಹಿತರೂ ‘ಪೇಪರ್‌ಲೆಸ್’ ಎಂದು ಕರೆಯುತ್ತಿರುವುದು ಇದನ್ನಲ್ಲ. ಅವರ ಫೋನಿನಲ್ಲಿ ವಿವರಗಳಿಲ್ಲ. ವಿವರಗಳು ಎಲ್ಲಿಯೋ ದೂರದ ಗಣಕಗಳಲ್ಲಿವೆ. ಕೇಳಿದಾಗಲೆಲ್ಲ ಅಲ್ಲಿಂದ ತರಿಸಿಕೊಡುವುದಷ್ಟೇ ಫೋನಿನ ಕೆಲಸ. ನೆಟ್‌ವರ್ಕ್ ಇರುವವರೆಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಇಲ್ಲದಾಗ ಒಂದು ಬುತ್ತಿ, ಇನ್ನೊಂದು ಹೋಟೆಲಿನ ವಿಳಾಸ. ಹೆಸರು ಅದೇ ಉಳಿದಿದೆ, ಅರ್ಥ ತಲೆಕೆಳಗಾಗಿದೆ. ನನ್ನ ಜಗಳವಿರುವುದು ಇದರೊಡನೆ.

ಜಗಳಕ್ಕೆ ಕಾರಣವನ್ನು ಹೇಳಿಬಿಡುತ್ತೇನೆ. 2022ರ ಅಕ್ಟೋಬರಿನಲ್ಲಿ ನಾನು ಅಲ್ಲಿದ್ದೆ. ಹಿಲ್ಸ್‌ಬರೋ ಊರಿನಿಂದ ಪಶ್ಚಿಮಕ್ಕೆ ಹೋದರೆ ಟಿಲ್ಲಮೂಕ್ ಅರಣ್ಯ ಸಿಗುತ್ತದೆ. 1933ರಿಂದ 1951ರವರೆಗೆ ಆರಾರು ವರ್ಷಗಳ ಅಂತರದಲ್ಲಿ ಬಿದ್ದ ಬೆಂಕಿಗಳಲ್ಲಿ ಸುಟ್ಟು ಬೋಳಾಗಿದ್ದ ಆ ಬೆಟ್ಟಗಳಲ್ಲಿ 1949ರಿಂದ ಸುಮಾರು 7.2 ಕೋಟಿ ಸಸಿಗಳನ್ನು ನೆಟ್ಟು ಕಾಡನ್ನು ಮತ್ತೆ ಬೆಳೆಸಿದ್ದಾರೆ. ನೆಟ್ಟವರಲ್ಲಿ ಶಾಲೆಯ ಮಕ್ಕಳೂ ಇದ್ದರೆಂಬುದು ಮೇಷ್ಟರಾದ ನನಗೆ ಬಲು ಪ್ರಿಯವಾದ ಸಂಗತಿ. ಆ ಮಕ್ಕಳು ನೆಟ್ಟ ಡಗ್ಲಸ್ ಫರ್ ಮರಗಳು ಇಂದು ಆಕಾಶವೇ ಕಾಣದಷ್ಟು ದಟ್ಟವಾಗಿವೆ. ವಿಲ್ಸನ್ ನದಿಯ ಪಕ್ಕದಲ್ಲಿ ಹೆದ್ದಾರಿ, ನದಿಯಾಚೆ ಕಾಲುದಾರಿ. ಆ ಹೆದ್ದಾರಿಯ ಬಹುಭಾಗದಲ್ಲಿ ಮೊಬೈಲ್ ಸಂಕೇತ ಸಿಗದು.

ಕಿರಿಯ ಮೊಮ್ಮಗ ನಿದ್ದೆಯಲ್ಲಿದ್ದುದರಿಂದ ಮಗಳು, ಅಳಿಯಂದಿರು ಕಾರಿನ ಬಳಿಯೇ ಉಳಿದರು. ಹನ್ನೊಂದು ವರ್ಷದ ಪುಟ್ಟಿಯೂ ಎಪ್ಪತ್ತು ದಾಟಿದ ನಾನೂ ಅಳಿಯಂದಿರ ಫೋನನ್ನು ಹಿಡಿದು, ಕಾಲುಸೇತುವೆ ದಾಟಿ, ಸುಮಾರು ಒಂದು ಮೈಲಿ ದೂರದಲ್ಲಿದ್ದ ಡಬ್ಬಿಯನ್ನು ಹುಡುಕಲು ಹೊರಟೆವು. ಸೇತುವೆಯ ಬಳಿ ಒಂದು ನಕಾಶೆಯ ಫಲಕವಿತ್ತು. ಅಭ್ಯಾಸಬಲದಿಂದ ನಾನು ಜೇಬಿನಲ್ಲಿದ್ದ ದಿನಸಿ ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆದುಕೊಂಡೆ: ನದಿ, ರಸ್ತೆ, ಸೇತುವೆ, ಕಾಲುದಾರಿ, ಮೂಲೆಯಲ್ಲೊಂದು ಉತ್ತರದ ಬಾಣ. “ತಾತ, ಫೋನ್ ಇದೆಯಲ್ಲ!” ಎಂದು ಪುಟ್ಟಿ ನಕ್ಕಳು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಫೋನಿನ ನಕಾಶೆ ಬೂದುಬಣ್ಣದ ಬರಿಯ ಚೌಕವಾಯಿತು. ಡಬ್ಬಿಯ ವಿವರದ ಪುಟವನ್ನು ತೆರೆಯಹೋದರೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಮರದ ಬುಡದಲ್ಲೋ ಬಂಡೆಯ ಸಂದಿಯಲ್ಲೋ ತಿಳಿಯದು. ದಾರಿ ಬಿಟ್ಟು ಇಳಿಯಬೇಕೋ ಬೇಡವೋ ತಿಳಿಯದು. ಮಳೆ ಹಿಡಿಯಿತು. ಒದ್ದೆ ಗಾಜಿನ ಮೇಲೆ ಬೆರಳಿಟ್ಟರೆ ಫೋನು ತಾನೇ ಏನೇನನ್ನೋ ಒತ್ತಿಕೊಳ್ಳತೊಡಗಿತು. ಹಳೆಯ ಮರ ಸಾಗಿಸುವ ದಾರಿಯೊಂದನ್ನೇ ಕಾಲುದಾರಿಯೆಂದು ತಿಳಿದು ನಾವು ಮೇಲಕ್ಕೆ ಹತ್ತಿದ್ದೆವು. ತಪ್ಪು ಅರಿವಾಗಿ ಮಗಳಿಗೆ ಕರೆ ಮಾಡೋಣವೆಂದರೆ ಸಂಕೇತವಿಲ್ಲ. ಸಂಕೇತವನ್ನು ಹುಡುಕಿ ಹುಡುಕಿ ದಣಿದ ಬ್ಯಾಟರಿ ಕೊನೆಗೆ ಪೂರ್ತಿ ಬರಿದಾಯಿತು. ಮಧ್ಯಾಹ್ನ ಮೂರೂವರೆಗೇ ಕಾಡಿನೊಳಗೆ ಕತ್ತಲೆ ಮುಸುಕುತ್ತಿತ್ತು. ಪುಟ್ಟಿ ಅಳಲಿಲ್ಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೆ. ಅದು ಅಳುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕಿತು.

ದಾರಿ ತಪ್ಪಿದವರು ಇದ್ದಲ್ಲಿಯೇ ಕುಳಿತಿರಬೇಕೆಂಬುದು ಸರಿಯಾದ ಉಪದೇಶ. ಕೆಳಗಡೆ ನದಿಯ ಸದ್ದು ಸ್ಪಷ್ಟವಾಗಿ ಕೇಳುತ್ತಿದ್ದುದರಿಂದ ಮಾತ್ರ ನಾನು ಅದನ್ನು ಮೀರಿದೆ. ಬಿಲ್ಲಿನ ಹಿಂದಿನ ನನ್ನ ಗೆರೆಗಳ ಪ್ರಕಾರ ನಾವು ಸೇತುವೆಯಿಂದ ಪಶ್ಚಿಮಕ್ಕೆ ಬಂದಿದ್ದೆವು. ನದಿಯೂ ಪಶ್ಚಿಮಕ್ಕೆ ಹರಿಯುತ್ತದೆ. ಹಾಗಾದರೆ ನದಿಯ ಪಕ್ಕಕ್ಕೆ ಇಳಿದು, ಹರಿವಿಗೆ ಎದುರಾಗಿ ನಡೆದರೆ ಸೇತುವೆ ಸಿಗಲೇಬೇಕು. ಹಾಗೆಯೇ ಮಾಡಿದೆವು. ಸೇತುವೆಯ ಮೇಲೆ ಅಳಿಯಂದಿರು ನೆನೆದು ತೊಪ್ಪೆಯಾಗಿ ನಮ್ಮ ಹೆಸರು ಹಿಡಿದು ಕೂಗುತ್ತಾ ನಿಂತಿದ್ದರು. ಎರಡು ಗಂಟೆಗೂ ಹೆಚ್ಚು ಕಾಲ ಕಳೆದಿತ್ತು. ಮಗಳು ನನ್ನೊಡನೆ ಆ ರಾತ್ರಿ ಒಂದೇ ಮಾತಾಡಿದಳು: “ಅಪ್ಪ, ಹೇಳಿ ಹೋಗಬಾರದಿತ್ತೇ, ಇಷ್ಟು ಹೊತ್ತಿಗೆ ಬರುತ್ತೇವೆ ಅಂತ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಈ ಕಥೆಯನ್ನು ಹೇಳಿದರೆ ಎದುರಾಳಿಗಳು ಹೇಳುವುದೇನೆಂದು ನನಗೆ ಗೊತ್ತು. ಒಂದೊಂದನ್ನಾಗಿ ಪರಿಶೀಲಿಸೋಣ.

“ಫೋನಿನ ಜಿಪಿಎಸ್ ನಿಖರವಲ್ಲ ಎನ್ನುತ್ತೀರಾ?” ಇಲ್ಲ, ಹಾಗೆನ್ನುವುದಿಲ್ಲ. ಬಯಲಿನಲ್ಲಿ ಒಳ್ಳೆಯ ಫೋನು ಮೂರರಿಂದ ಐದು ಮೀಟರುಗಳೊಳಗೆ ಜಾಗ ಹೇಳುತ್ತದೆ. ಕೈಸಾಧನವೂ ಅಷ್ಟೇ ಹೇಳುತ್ತದೆ. ದಟ್ಟ ಮರಗಳ ಕೆಳಗೆ ಎರಡೂ ತಡವರಿಸುತ್ತವೆ. ಫೋನಿಗೆ ಸ್ಥಾನ ತಿಳಿಯಲು ನೆಟ್‌ವರ್ಕ್ ಬೇಕೆಂಬುದೂ ತಪ್ಪು ತಿಳಿವಳಿಕೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಕಿವಿಗೆ ಬಿದ್ದರೆ ಸಾಕು, ಯಂತ್ರವು ತಾನಿರುವ ಜಾಗವನ್ನು ಲೆಕ್ಕಹಾಕುತ್ತದೆ. ಅಂದು ನಮ್ಮ ಫೋನಿಗೂ ಬ್ಯಾಟರಿ ಇರುವವರೆಗೆ ತಾನೆಲ್ಲಿದ್ದೇನೆಂಬುದು ಗೊತ್ತಿತ್ತು. ಸುತ್ತಮುತ್ತ ಏನಿದೆಯೆಂಬುದು ಗೊತ್ತಿರಲಿಲ್ಲ. ಬೂದು ಚೌಕದ ಮೇಲಿನ ನೀಲಿ ಚುಕ್ಕೆಯಿಂದ ಯಾರಿಗೇನು ಪ್ರಯೋಜನ?

“ಮೊದಲೇ ಇಳಿಸಿಕೊಂಡು ಹೋಗಬಹುದಿತ್ತು.” ಹೋಗಬಹುದಿತ್ತು. ಪುಟ್ಟಿಯೇ ಮಾರನೆಯ ದಿನ ಇದನ್ನು ಹೇಳಿದಳು: “ತಾತ, ಫೋನಿನ ತಪ್ಪಲ್ಲ, ನಾವು ಡೌನ್‌ಲೋಡ್ ಮಾಡಿಕೊಳ್ಳಲಿಲ್ಲ.” ಮಗುವಿನ ಮಾತು ಸರಿಯೆಂದು ಅಂದೇ ಒಪ್ಪಿಕೊಂಡಿದ್ದೇನೆ. ಡಬ್ಬಿಗಳ ಪಟ್ಟಿಯನ್ನೂ ನಕಾಶೆಯನ್ನೂ ಮುಂಚಿತವಾಗಿ ತುಂಬಿಕೊಂಡ ಫೋನು ನೆಟ್‌ವರ್ಕ್ ಇಲ್ಲದಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಸದಾ ಸಂಪರ್ಕವಿರುತ್ತದೆಂಬ ನಂಬಿಕೆಯನ್ನೇ ಬೆಳೆಸುವ ಯಂತ್ರವು ತುಂಬಿಕೊಳ್ಳುವ ಅಭ್ಯಾಸವನ್ನು ಕೊಲ್ಲುತ್ತದೆ. ಇಟ್ರೆಕ್ಸ್ ಹಿಡಿದವನು ಹಿಂದಿನ ರಾತ್ರಿ ತುಂಬಿಕೊಳ್ಳದಿದ್ದರೆ ಮನೆಯಲ್ಲಿಯೇ ಖಾಲಿ ಪರದೆ ಕಾಣುತ್ತಾನೆ. ಫೋನು ಹಿಡಿದವನಿಗೆ ತನ್ನ ಖಾಲಿತನ ಕಾಣುವುದು ಕಾಡಿನ ನಡುವೆ. ತಪ್ಪು ಮನೆಯಲ್ಲಿಯೇ ಬಯಲಾಗುವ ಸಾಧನ ಒಳ್ಳೆಯದೋ, ಕಾಡಿನಲ್ಲಿ ಬಯಲಾಗುವ ಸಾಧನ ಒಳ್ಳೆಯದೋ?

“ಕಷ್ಟಕಾಲಕ್ಕೆ ಫೋನು ಬೇಕೇ ಬೇಕಲ್ಲ?” ಖಂಡಿತ ಬೇಕು. ನನ್ನ ಅತ್ಯಂತ ಬಲವಾದ ವಾದವೂ ಇದೇ. ಕಷ್ಟಕಾಲದಲ್ಲಿ ಕೂಗಿ ಕರೆಯಬೇಕಾದ ಯಂತ್ರದ ಶಕ್ತಿಯನ್ನು ಆಟದಲ್ಲಿ ಖರ್ಚು ಮಾಡಬಾರದು. ಪರದೆ ಉರಿಯುತ್ತಾ, ಉಪಗ್ರಹಗಳನ್ನು ಆಲಿಸುತ್ತಾ, ಸಿಗದ ಗೋಪುರಗಳನ್ನು ಅರಸುತ್ತಾ ಇರುವ ಫೋನು ಅರ್ಧ ದಿನವೂ ಬಾಳದು. ಮನೆಗೆ ಬೆಂಕಿ ಬಿದ್ದರೆಂದು ಕಾದಿಟ್ಟ ನೀರಿನಲ್ಲಿ ಮಕ್ಕಳನ್ನು ಆಡಲು ಬಿಡುವವರುಂಟೇ? ಫೋನು ಚೀಲದೊಳಗೆ, ಮುಚ್ಚಿದ ಸ್ಥಿತಿಯಲ್ಲಿ, ಪೂರ್ತಿ ತುಂಬಿಕೊಂಡು ಕುಳಿತಿರಲಿ. ಆಟಕ್ಕೆ ಬೇರೆಯ ಯಂತ್ರವಿರಲಿ.

ಇನ್ನೊಂದು ಬದಿಯವರೊಡನೆಯೂ ನನ್ನ ತಕರಾರಿದೆ. ಆ ಘಟನೆಯಾದ ವಾರವೇ ಅಳಿಯಂದಿರು ಪಶ್ಚಾತ್ತಾಪದಿಂದ ಅತ್ಯಂತ ಬೆಲೆಬಾಳುವ ಕೈಸಾಧನವನ್ನು ಕೊಳ್ಳಹೊರಟರು. ಬಣ್ಣದ ದೊಡ್ಡ ಪರದೆ, ಒಳಗೇ ಕೂಡಿಸಿದ ಬ್ಯಾಟರಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸೌಲಭ್ಯ. “ಊರಿಗೆ ಬಂದಾಗ ಘಟ್ಟಗಳಲ್ಲೂ ಉಪಯೋಗಕ್ಕೆ ಬರುತ್ತದೆ, ಮಾವ” ಎಂದರು. ನಾನು ತಡೆದೆ. ಉಪಗ್ರಹವನ್ನು ಕೇಳುವ ಯಂತ್ರ ಬೇರೆ, ಉಪಗ್ರಹದೊಡನೆ ಮಾತಾಡುವ ಯಂತ್ರ ಬೇರೆ. ಎರಡನೆಯದನ್ನು ಪೂರ್ವಾನುಮತಿಯಿಲ್ಲದೆ ಭಾರತಕ್ಕೆ ತರುವುದು ಕಾನೂನಿಗೆ ವಿರುದ್ಧ. ಇಂಥ ಸಾಧನಗಳನ್ನು ತಿಳಿಯದೆ ಚೀಲದಲ್ಲಿಟ್ಟುಕೊಂಡು ಬಂದ ವಿದೇಶೀಯರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆದ ಸುದ್ದಿಗಳು 2024ರ ಕೊನೆಗೂ 2025ರ ಮೊದಲಿಗೂ ಬಂದದ್ದನ್ನು ಓದುಗರು ಬಲ್ಲರು. ಅಮೆರಿಕದ ಕಾಡಿನಲ್ಲಿ ಪ್ರಾಣ ಉಳಿಸುವ ಸಾಧನವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿಯೇ ಇದ್ದು ಅಲ್ಲಿಯೇ ಬಳಸುವವರು ಕೊಳ್ಳಲಿ. ಆದರೆ ಬೇಸಿಗೆಯ ರಜೆಗೆ ಊರಿಗೆ ಬರುವ ಕುಟುಂಬದ ಚೀಲದಲ್ಲಿ ಅದು ಬೇಡ.

ಹೆಚ್ಚು ಬೆಲೆ ಕೊಟ್ಟರೆ ಡಬ್ಬಿ ಬೇಗ ಸಿಗುತ್ತದೆಂಬ ಭ್ರಮೆಯನ್ನೂ ಬಿಡಬೇಕು. ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಕ್ಷಮಿಸಿ. ಈ ಆಟದಲ್ಲಿ ಸ್ಥಾನವನ್ನು ಡಿಗ್ರಿ, ಮಿನಿಟು ಮತ್ತು ಮಿನಿಟಿನ ಸಾವಿರದ ಒಂದಂಶದವರೆಗೆ ಬರೆಯುತ್ತಾರೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಒಂದು ಮಿನಿಟು ಸುಮಾರು 1.85 ಕಿಲೋಮೀಟರ್, ಅದರ ಸಾವಿರದ ಒಂದಂಶ ಸುಮಾರು 1.85 ಮೀಟರ್. ರೇಖಾಂಶದ ಅದೇ ಅಂಶವು ಆರೆಗಾನಿನ 45 ಡಿಗ್ರಿಯ ಬಳಿ ಸುಮಾರು 1.3 ಮೀಟರಿಗೆ ಕುಗ್ಗುತ್ತದೆ. ಬೆಂಗಳೂರಿನ 13 ಡಿಗ್ರಿಯ ಬಳಿ 1.8 ಮೀಟರ್ ಇರುತ್ತದೆ. ಅಡಗಿಸಿದವರ ಯಂತ್ರದಲ್ಲಿ ಮೂರು ನಾಲ್ಕು ಮೀಟರ್ ತಪ್ಪು, ಹುಡುಕುವವರ ಯಂತ್ರದಲ್ಲಿ ಅಷ್ಟೇ ತಪ್ಪು. ಎಂಥ ಯಂತ್ರವಿದ್ದರೂ ಕೊನೆಯ ಏಳೆಂಟು ಮೀಟರ್ ನಮ್ಮ ಕಣ್ಣಿನ ಪಾಲು, ನಮ್ಮ ಬುದ್ಧಿಯ ಪಾಲು. ಅಲ್ಲಿ ಕೈಹಿಡಿಯುವುದು ಪರದೆಯ ಬಣ್ಣವಲ್ಲ. ವಿವರದ ಪುಟ, ಸುಳಿವು, ನಮಗಿಂತ ಮೊದಲು ಬಂದವರ ಮಾತು. ಆದ್ದರಿಂದಲೇ ಅವು ಕೈಯಲ್ಲಿರಬೇಕೆಂದು ಇಷ್ಟು ಹಟ ಹಿಡಿಯುತ್ತಿದ್ದೇನೆ.

ಹಾಗಾದರೆ ಕೊಳ್ಳುವುದು ಯಾವುದನ್ನು? ಅಂಗಡಿಯವರ ಪಟ್ಟಿಯನ್ನು ಬದಿಗಿಟ್ಟು, ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿಯೇ ಒಂದು ಪರೀಕ್ಷೆ ನಡೆಸಿ. ನಾಲ್ಕೇ ಪ್ರಶ್ನೆಗಳು, ನಾಲ್ಕಕ್ಕೂ ಉತ್ತರ ಕಡ್ಡಾಯ.

ಮೊದಲನೆಯದು: ಎಲ್ಲ ಸಂಪರ್ಕಗಳನ್ನೂ ಕಡಿದು ಕೇಳಿ, ನಾಳೆಯ ಡಬ್ಬಿಗಳ ಸ್ಥಾನ, ವಿವರ, ಸುಳಿವು, ನಕಾಶೆ ನಿನ್ನಲ್ಲಿವೆಯೇ? ಎರಡನೆಯದು: ನಿನ್ನ ಶಕ್ತಿ ಮುಗಿದರೆ ನಿಂತಲ್ಲಿಯೇ ತುಂಬಬಹುದೇ? ಗೋಡೆ ಗಡಿಯಾರಕ್ಕೆ ಹಾಕುವ ಎಎ ಅಳತೆಯ ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಯಂತ್ರಕ್ಕೆ ಹಳ್ಳಿಯ ಪೆಟ್ಟಿಗೆ ಅಂಗಡಿಯೂ ವಿದ್ಯುತ್ ಕೇಂದ್ರವೇ. ಒಳಗೇ ಕೂಡಿಸಿದ ಬ್ಯಾಟರಿ ಎಷ್ಟೇ ದಿನ ಬಾಳಿದರೂ ಸತ್ತಾಗ ಸತ್ತಿತು. ಮೂರನೆಯದು: ಒದ್ದೆ ಕೈಯಿಂದ, ಕೈಗವಸು ತೊಟ್ಟ ಬೆರಳಿನಿಂದ ಒತ್ತಿದರೆ ಮಾತು ಕೇಳುತ್ತೀಯಾ? ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ನಮ್ಮ ತಂಡದ ಅತ್ಯಂತ ಚಿಕ್ಕವರ ಕೈಗೆ ಕೊಟ್ಟರೆ “ಹೊರಟ ಜಾಗಕ್ಕೆ ಹಿಂದಿರುಗಿಸು” ಎಂಬ ಆಜ್ಞೆಯನ್ನು ಅವರು ನಿನಗೆ ಕೊಡಬಲ್ಲರೇ? ದೊಡ್ಡವರು ಕಾಲು ಉಳುಕಿ ಕುಳಿತ ದಿನ ಯಂತ್ರ ನಡೆಸಬೇಕಾದವರು ಚಿಕ್ಕವರೇ.

ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆ ನವೆಂಬರಿನಲ್ಲಿ ಮಗಳ ಮನೆ ಸೇರಿದ್ದು ದೊಡ್ಡ ಮಾದರಿಯಲ್ಲ. 2019ರಲ್ಲಿ ಬಂದ ಇಟ್ರೆಕ್ಸ್ 22ಎಕ್ಸ್. ಪರದೆ 2.2 ಇಂಚು ಮಾತ್ರ. ಎರಡು ಪೆನ್ಸಿಲ್ ಸೆಲ್ಲುಗಳಲ್ಲಿ 25 ಗಂಟೆ ನಡೆಯುತ್ತದೆಂದು ತಯಾರಕರ ಹೇಳಿಕೆ. ಗಣಕಯಂತ್ರಕ್ಕೆ ತಂತಿಯಿಂದ ಜೋಡಿಸಿ ಜಿಪಿಎಕ್ಸ್ ಕಡತವನ್ನು ಒಳಗೆ ನಕಲಿಸಿದರೆ ಸಾಕು, ಯಾವ ಗೋಪುರದ ಹಂಗೂ ಇಲ್ಲ. ಉಚಿತವಾಗಿ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಗಳನ್ನೂ ಅದರೊಳಗೆ ಇಡಬಹುದು. ದೋಷಗಳಿಲ್ಲವೆ? ಇವೆ. ಪರದೆ ನನ್ನ ಕಣ್ಣಿಗೆ ಬಹಳ ಚಿಕ್ಕದು. ಅಕ್ಷರ ಬರೆಯುವುದು ತ್ರಾಸದಾಯಕ. ನೂರಾರು ಡಬ್ಬಿಗಳ ಕಡತವನ್ನು ಒಮ್ಮೆಗೇ ತರಿಸಿಕೊಳ್ಳಲು ವಾರ್ಷಿಕ ಚಂದಾ ಕಟ್ಟಬೇಕು. ನಿನ್ನೆ ಡಬ್ಬಿ ಕಳೆದುಹೋಗಿದ್ದರೆ ಇಂದು ಇದಕ್ಕೆ ತಿಳಿಯದು. ಇವೆಲ್ಲ ಬೇಸರದ ಸಂಗತಿಗಳು. ಬೇಸರವನ್ನು ಸಹಿಸಬಹುದು. ಕತ್ತಲಾಗುತ್ತಿರುವ ಕಾಡಿನಲ್ಲಿ ಮಗುವಿನ ಕೈ ಹಿಡಿದು ನಿಲ್ಲುವುದು ಬೇರೆಯೇ ಸಂಗತಿ.

ಊರೊಳಗೆ ಆಡುವವರಿಗೆ ನನ್ನ ಈ ವಾದ ಅನ್ವಯಿಸುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. ಬೆಂಗಳೂರಿನ ಉದ್ಯಾನದಲ್ಲಿ ಹುಡುಕುವವರಿಗೆ ಫೋನು ಧಾರಾಳವಾಗಿ ಸಾಕು. ದಾರಿ ತಪ್ಪಿದರೆ ಕೇಳಲು ಹೆಜ್ಜೆಗೊಬ್ಬರು ಸಿಗುತ್ತಾರೆ. ನನ್ನ ಮಾತು ಕೇಳಲು ಯಾರೂ ಸಿಗದ ಜಾಗಗಳಿಗೆ ಮಾತ್ರ. ಅದು ಟಿಲ್ಲಮೂಕ್ ಆಗಿರಲಿ, ನಮ್ಮ ಬಿಸಿಲೆ ಘಾಟಿಯಾಗಿರಲಿ, ಕಾಡಿನ ನಿಯಮ ಒಂದೇ.

2023ರ ಏಪ್ರಿಲಿನಲ್ಲಿ, ನಾನು ಊರಿಗೆ ಹಿಂದಿರುಗಿದ ಮೇಲೆ, ಪುಟ್ಟಿ ತನ್ನ ತಂದೆಯೊಡನೆ ಮತ್ತೆ ಆ ಕಾಡಿಗೆ ಹೋಗಿ ಅದೇ ಡಬ್ಬಿಯನ್ನು ಪತ್ತೆ ಮಾಡಿದಳು. ಯಂತ್ರ ಅವಳ ಕೈಯಲ್ಲಿತ್ತು. ಅಳಿಯಂದಿರ ಫೋನು ಚೀಲದಲ್ಲಿತ್ತು. ಬಿದ್ದ ಮರವೊಂದರ ಬೇರಿನ ಹಿಂದೆ, ತೊಗಟೆಯ ಕೆಳಗೆ ಅಡಗಿತ್ತಂತೆ. ಒಳಗಿನ ಪುಸ್ತಕದಲ್ಲಿ ಅವಳು ತನ್ನ ಹೆಸರಿನ ಕೆಳಗೆ, ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ‘ತಾತ’ ಎಂದೂ ಬರೆದು ಬಂದಿದ್ದಾಳೆ. ಪೆನ್ಸಿಲಿನಿಂದ, ಕಾಗದದ ಮೇಲೆ.

ಆದ್ದರಿಂದ ಅಳಿಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ಫೋನು ಚೆನ್ನಾಗಿ ಬಾಳಲಿ. ಆ ಹಳೆಯ ಯಂತ್ರವನ್ನು ಯಾರಿಗೂ ಕೊಡಬೇಡಿ. ಹೊಸ ಸೆಲ್ಲು ಹಾಕಿ ಪುಟ್ಟಿಯ ಕೈಗೆ ಕೊಡಿ. ಹೊರಡುವ ಮುನ್ನ ಎಷ್ಟು ಹೊತ್ತಿಗೆ ಹಿಂದಿರುಗುತ್ತೀರೆಂದು ನನ್ನ ಮಗಳಿಗೆ ಹೇಳಿ ಹೋಗಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹಾಗೆಯೇ ಜೇಬಿನಲ್ಲಿ ಒಂದು ತುಂಡು ಕಾಗದ, ಒಂದು ಗಿಡ್ಡ ಪೆನ್ಸಿಲ್ ಇರಲಿ. ಸೇತುವೆಯ ಬಳಿಯ ಫಲಕದ ಮುಂದೆ ಎರಡು ನಿಮಿಷ ನಿಂತು ನಾಲ್ಕು ಗೆರೆ ಎಳೆದುಕೊಳ್ಳಲು ಅವಳಿಗೆ ಹೇಳಿ. ಉತ್ತರದ ಬಾಣ ಹಾಕುವುದನ್ನು ಮರೆಯದಿರಲಿ.